ಶಿರಸೀಲಿರೋದಕ್ಕೆ ಒಂದು ತುತ್ತು

ಬಿರಡೆ ಸರಿಯಾಗಿದ್ದರೆ ಬಾಟಲಿಯಿಂದ ವಾಸನೆ ಬರಬಾರದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಷ್ಟು ವರ್ಷವೂ ಹುಡುಗರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಈಗ ನಿವೃತ್ತಳಾಗಿ ಶಿರಸಿಯ ನನ್ನ ಮನೆಯಲ್ಲಿ ಕೂತಿದ್ದೇನೆ. ನಡುಮನೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಕೆಳಗಿನ ಖಾನೆಯಲ್ಲಿ, ರಬ್ಬರ್ ಬಿರಡೆ ಜಡಿದು ಮೇಲೆ ಜೇನುಮೇಣ ಮೆತ್ತಿದ ಒಂದು ಗಾಜಿನ ಬಾಟಲಿ ಇದೆ. ದಸರೆ ಕಳೆದು ಹುಣ್ಣಿಮೆ ಹತ್ತಿರ ಬಂತೆಂದರೆ ಬೀರುವಿನ ಬಾಗಿಲ ಸಂದಿಯಿಂದ ಕೆಸರಿನ ವಾಸನೆ ಬರತೊಡಗುತ್ತದೆ. ಕೊಳೆತ ವಾಸನೆಯಲ್ಲ. ಹಸಿ ಮಣ್ಣಿನದು, ಅದರೊಳಗೆ ಎಲ್ಲೋ ಬೆಂದ ಸೊಪ್ಪಿನದು. ಈ ವರ್ಷವೂ ಬಂತು. ಮೇಣವನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದೆ. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ.

ವಾಸನೆ ಬಂದ ದಿನ ನನಗೆ ಲೋಕೇಶನ ವರ್ಷ ನೆನಪಾಗುತ್ತದೆ. ಲೋಕೇಶ ನನ್ನ ಕೊನೆಯ ಪಿಎಚ್.ಡಿ. ವಿದ್ಯಾರ್ಥಿ. ಸಿದ್ದಾಪುರ ತಾಲೂಕಿನವನು, ನಿಲ್ಕುಂದದ ಆಚೆ ಅವನ ಮನೆ. ಅಣ್ಣ ಗದ್ದೆ ನೋಡಿಕೊಳ್ಳುತ್ತಿದ್ದ, ತಾಯಿ ಕನ್ನಮ್ಮ ಅಣ್ಣನನ್ನೂ ಗದ್ದೆಯನ್ನೂ ನೋಡಿಕೊಳ್ಳುತ್ತಿದ್ದರು. ಇವನು ಯಲ್ಲಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಗೊತ್ತಲ್ಲ, ಊಟ ಮುಗಿದ ಕೂಡಲೇ ಎದ್ದು ಹೋಗಬೇಕಾದವನು. ಎರಡು ವರ್ಷದೊಳಗೆ ಪಿಎಚ್.ಡಿ. ಆಗದಿದ್ದರೆ ಮುಂದಿನ ಜೂನಿಗೆ ಕ್ಲಾಸಿಲ್ಲ ಎಂದು ಅಲ್ಲಿ ಹೇಳಿಯಾಗಿತ್ತು. ಹಾಗಾಗಿ ಅವನಿಗೆ ಆ ಪದವಿ ಗೋಡೆಗೆ ನೇತುಹಾಕುವ ಶೋಕಿಯಾಗಿರಲಿಲ್ಲ.

ಅವನ ವಿಷಯ ಸಾಧುವಾದದ್ದೇ ಆಗಿತ್ತು: ರಾಮಪತ್ರೆ ಜಡ್ಡಿಯ ಪಾಚಿಗಳು. ಜಡ್ಡಿ ಎಂದರೆ ನಮ್ಮ ಕಡೆ ಕಾಡಿನೊಳಗಿನ ಜವುಗು, ಬೇಸಿಗೆಯಲ್ಲೂ ನೀರು ಆರದ ಜಾಗ. ಲೋಕೇಶನ ಮನೆಯ ಗದ್ದೆ ಮುಗಿದಲ್ಲೇ ಅಂಥದೊಂದು ಶುರುವಾಗುತ್ತದೆ. ಪಾಚಿಗಳನ್ನು ಪಟ್ಟಿಮಾಡಿ, ಚಿತ್ರ ಬರೆದು, ಪದವಿ ತೆಗೆದುಕೊಂಡು ಹೋಗಿದ್ದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಆದರೆ ಒಂದು ದಿನ ಪ್ರಯೋಗಾಲಯದಲ್ಲಿ ಚಹಾ ಕುಡಿಯುತ್ತ ಕೇಳಿದ, "ಮೇಡಂ, ಜೀವ ಒಂದೇ ಸಲ ಹುಟ್ಟಿದ್ದು ಅಂತೀವಲ್ಲ, ಅದನ್ನ ನೋಡ್ದವ್ರು ಯಾರು?"

"ಯಾರೂ ನೋಡಿಲ್ಲಪ್ಪ. ಕೋಟಿಗಟ್ಟಲೆ ವರ್ಷದ ಹಿಂದಿನ ಮಾತು, ನಾನೂ ಅಷ್ಟು ಮುದುಕಿ ಅಲ್ಲ" ಎಂದೆ.

"ಹಂಗಾರೆ ಈಗ್ಲೂ ಹುಟ್ತಾ ಇರ್ಬಹುದು ಅಲ್ದಾ? ಮೊದ್ಲೇ ಇರೋ ಜೀವ ಹೊಸದನ್ನ ಹುಟ್ಟಿದ್ ಕೂಡ್ಲೆ ತಿಂದು ಹಾಕ್ತದೆ. ಅದ್ಕೇ ನಮಗೆ ಕಾಣೂದಿಲ್ಲ. ತಿನ್ನೋವ್ರನ್ನೆಲ್ಲ ಕೊಂದು, ಬರೀ ಕೆಸರನ್ನ ಅದರ ಜಾಗದಲ್ಲೇ ಬಿಟ್ರೆ?"

ನಾನು ನಕ್ಕೆ. ನಿರ್ಜೀವ ವಸ್ತುವಿನಿಂದ ಜೀವ ತಾನಾಗಿ ಹುಟ್ಟುವುದಿಲ್ಲ ಎಂಬುದನ್ನು ವಿಜ್ಞಾನ ಎಂದೋ ತೀರ್ಮಾನಿಸಿದೆ; ಹೈಸ್ಕೂಲಿನ ಹುಡುಗರೂ ಕಾಯಿಸಿದ ಸಾರಿನ ಪ್ರಯೋಗ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಮೊಟ್ಟಮೊದಲು ಒಂದು ಸಲ ಮಾತ್ರ ಹೇಗೋ ಆಯಿತು, ಆಮೇಲೆ ಆಗಲಿಲ್ಲ ಎಂದು ನಾನೂ ಕಲಿಸುತ್ತಿದ್ದೆ, ಈಗಲೂ ನನ್ನ ನಂಬಿಕೆ ಅದೇ. ಆದರೆ ಮಾಡಿ ನೋಡುತ್ತೇನೆ ಎನ್ನುವವನನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾಡು, ಒಂದು ಅಧ್ಯಾಯ ಹೆಚ್ಚಾಗುತ್ತದೆ ಅಷ್ಟೇ, ಎಂದೆ.

ಅವನು ಜಡ್ಡಿಯ ಕೆಸರನ್ನು ತಂದು ಕಾಲೇಜಿನ ದೊಡ್ಡ ಕುಕ್ಕರಿನಲ್ಲಿ ಮೂರು ಮೂರು ಸಲ ಬೇಯಿಸಿದ. ಒಂದು ಹುಳವೂ ಬೀಜವೂ ಉಳಿಯದಂತೆ ಕೊಂದು ಬಾಟಲಿಗೆ ತುಂಬಿ ಬಿರಡೆ ಹಾಕಿದ. ಪೇಟೆಯ ಮೇಣ ಥಂಡಿಗೆ ಬಿರಿಯುತ್ತದೆಂದು ಕನ್ನಮ್ಮನೇ ತುಡುವೆ ಜೇನಿನ ಮೇಣ ಕೊಟ್ಟರು. ಅರ್ಧ ಬಾಟಲಿಗಳನ್ನು ಜಡ್ಡಿಯ ಅಂಚಿನಲ್ಲಿ ಕುತ್ತಿಗೆಯವರೆಗೆ ಹೂತ. ಉಳಿದ ಅರ್ಧ ಶಿರಸಿಯ ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ, ಬೀಗ ಹಾಕಿ. ಬೀಗದ ಕೈ ನನ್ನ ಚೀಲದಲ್ಲಿ.

ಆ ಜಾಗ ನೋಡಲು ಒಮ್ಮೆ ನಾನೂ ಹೋಗಿದ್ದೆ. ರಾಮಪತ್ರೆಯ ಮರಗಳು ಕೆಸರಿನಿಂದ ಬೇರನ್ನು ಮೇಲಕ್ಕೆತ್ತಿ, ಮಡಚಿ, ಮತ್ತೆ ಕೆಸರಿಗೇ ಇಳಿಸುತ್ತವೆ. ಬೇರಿಗೆ ಗಾಳಿ ಬೇಕು, ಅದಕ್ಕೆ. ಇದನ್ನೂ ನಾನೇ ಕಲಿಸಿದ್ದು. ಆದರೆ ಮಟಮಟ ಮಧ್ಯಾಹ್ನ ಆ ಕತ್ತಲಲ್ಲಿ ನಿಂತು, ಎತ್ತ ನೋಡಿದರೂ ನೀರಿನಿಂದ ಎದ್ದ ಮೊಣಕಾಲುಗಳನ್ನು ಕಂಡರೆ, ಕೆಳಗೆ ಯಾರೋ ಸಾಲಾಗಿ ಮಲಗಿದ್ದಾರೆ ಅನ್ನಿಸಿ ಕಾಲು ಮುಂದಿಡಲು ಸಂಕೋಚವಾಗುತ್ತದೆ. ಹಕ್ಕಿಯ ದನಿಯಿಲ್ಲ. ಆಗಾಗ ಒಂದು ಗುಳ್ಳೆ ಎದ್ದು ಒಡೆಯುವ ಸದ್ದು ಮಾತ್ರ.

"ಇಲ್ಲಿ ಹೆಸ್ರು ಹಿಡ್ದು ಕೂಗ್ಬಾರ್ದು ಮೇಡಂ" ಎಂದಿದ್ದ ಲೋಕೇಶ. "ಬೇಕಾದ್ರೆ 'ಕೂ' ಅನ್ನಿ. ಮತ್ತೆ, ಒಂದೇ ಸಲ ಯಾರಾದ್ರೂ ನಿಮ್ಮ ಕರೆದ್ರೆ ಓ ಅನ್ಬ್ಯಾಡಿ. ನಮ್ಮವ್ರಾದ್ರೆ ಎರಡನೇ ಸಲ ಕರೀತಾರೆ."

"ಇದನ್ನೂ ಪ್ರಬಂಧದಾಗ ಬರೀತೀ ಏನು?" ಎಂದು ರೇಗಿಸಿದೆ. ಬನವಾಸಿ ಕಡೆಯ ಬಾಯಿ ನನ್ನದು, ಸುಮ್ಮನಿರುವುದಿಲ್ಲ.

ಅವನು ಬಾಟಲಿ ಹೂತ ಕಡೆ ಬಗ್ಗಿದ್ದ. ನಾನು ಎರಡು ಹೆಜ್ಜೆ ಹಿಂದಿದ್ದೆ. ಬೆನ್ನ ಹಿಂದಿನಿಂದ ಯಾರೋ "ತಂಗೆವ್ವಾ" ಎಂದರು. ಗಟ್ಟಿಯಾಗಿ ಅಲ್ಲ, ಪಕ್ಕದ ಕೋಣೆಯಿಂದ ಕರೆದಷ್ಟು. ತಂಗೆವ್ವ ಎಂದು ನನ್ನನ್ನು ಕರೆಯುತ್ತಿದ್ದವಳು ನನ್ನ ಅಜ್ಜಿ ಒಬ್ಬಳೇ, ಅವಳು ಹೋಗಿ ಎಷ್ಟೋ ಕಾಲವಾಗಿತ್ತು. ಸಿದ್ದಾಪುರದಲ್ಲಿ ಆ ಹೆಸರು ಯಾರಿಗೆ ಗೊತ್ತು? ಬಾಯಿಗೆ ಬಂದ ಓ ಅನ್ನುವುದನ್ನು ನುಂಗಿದೆ. ಲೋಕೇಶ ತಿರುಗಿ ನನ್ನ ಮುಖ ನೋಡಿದ. "ಓ ಅಂದ್ರಾ?" ಎಂದು ಮೆಲ್ಲಗೆ ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. "ಒಳ್ಳೇದಾತು" ಎಂದು ಮತ್ತೆ ಬಗ್ಗಿದ. ಕಿವಿಯಲ್ಲಿ ಗಾಳಿ ಹೊಕ್ಕರೆ ಹಾಗೆಲ್ಲ ಕೇಳುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಪಾಠ ಮಾಡಿಕೊಂಡೆ.

ಅದು ಮಳೆಗಾಲ. ದೀಪಾವಳಿ ಹೊತ್ತಿಗೆ ಲೋಕೇಶ ಬಾಟಲಿಗಳನ್ನು ತೆಗೆದು ತಂದ. ಜಡ್ಡಿಯಲ್ಲಿದ್ದ ಅಷ್ಟೂ ಬಾಟಲಿಗಳಲ್ಲಿ ನೀರು ಕಲಕಿ, ಕೆಸರಿನ ಮೇಲೆ ಕಂದು ಪೊರೆ ಕಟ್ಟಿತ್ತು. ಸೂಕ್ಷ್ಮದರ್ಶಕದಲ್ಲಿ ಏನೇನೋ ಓಡಾಡುತ್ತಿದ್ದವು. ಬೀರುವಿನಲ್ಲಿದ್ದವು ಸ್ವಚ್ಛ, ಸತ್ತದ್ದು ಸತ್ತಂತೆಯೇ. ಮೇಣ ಎಲ್ಲದರದ್ದೂ ಭದ್ರ. ಲೋಕೇಶ ಬಾಟಲಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದ.

ಬೇಸಿಗೆಯಲ್ಲಿ ವಿಶ್ವವಿದ್ಯಾಲಯದಲ್ಲಿ ಅವನ ಕೆಲಸದ ಪರಿಶೀಲನೆಯಾಯಿತು. ಸಮಿತಿಯ ಅಧ್ಯಕ್ಷರು ದೊಡ್ಡ ಹೆಸರಿನವರು, ಒಳ್ಳೆಯ ವಿದ್ವಾಂಸರೇ. ಪಾಚಿಯ ಅಧ್ಯಾಯಗಳಿಗೆ ತಲೆದೂಗಿದರು. ಬಾಟಲಿಯ ಅಧ್ಯಾಯಕ್ಕೆ ಬಂದಾಗ ಹಾಳೆಯನ್ನೇ ತಿರುಗಿಸಲಿಲ್ಲ.

"ಇದನ್ನ ಮಾಡಿದ್ದು ಹೇಗೆ ಅಂತ ನಾನು ಕೇಳೋದಿಲ್ಲ. ಈ ಪ್ರಶ್ನೆ ಕೇಳಲೇಬಾರದು. ಎಷ್ಟು ಜನ ಎಷ್ಟು ವರ್ಷ ತೇಯ್ದು ಕಟ್ಟಿದ ಶಾಸ್ತ್ರ ಇದು! ಇಂಥ ಅನುಮಾನಗಳು ಇಲಿ ಇದ್ದ ಹಾಗೆ. ಒಂದನ್ನ ಒಳಗೆ ಬಿಟ್ಟರೆ ಕಣಜಾನೇ ಖಾಲಿ."

ತಪ್ಪು ಮಾಡಿದ್ದೀಯ ಎಂದಿದ್ದರೆ ನಾನೂ ಹೌದೆನ್ನುತ್ತಿದ್ದೆ. ನನ್ನ ಒಳಮನಸ್ಸೂ ಅದನ್ನೇ ಹೇಳುತ್ತಿತ್ತು, ಎಲ್ಲೋ ಗಾಳಿ ಹೊಕ್ಕಿದೆ ಎಂದು. ಆದರೆ ಕೇಳಲೇಬಾರದು ಎಂದರೆ ನನಗೆ ಮೈಯೆಲ್ಲ ಉರಿ. ಚಿಕ್ಕಂದಿನಲ್ಲಿ ಹೆಣ್ಣುಮಗಳು ಇದನ್ನ ಕೇಳಬಾರದು, ಅದನ್ನ ಕೇಳಬಾರದು ಎನ್ನಿಸಿಕೊಂಡು ಬೆಳೆದವಳು, ವಿಜ್ಞಾನಕ್ಕೆ ಬಂದದ್ದೇ ಆ ಮಾತಿನಿಂದ ತಪ್ಪಿಸಿಕೊಳ್ಳಲು. ಇನ್ನೊಮ್ಮೆ ಮಾಡುತ್ತಾನೆ, ಏನು ಬಂದರೂ ಬರೆಯುತ್ತಾನೆ, ಎಂದು ಎದ್ದು ಬಂದೆ.

ಆ ನಡುವೆ ಸುದ್ದಿ ಹೇಗೋ ಹೊರಬಿದ್ದು, ಶಿರಸಿಯ ಒಬ್ಬ ದೊಡ್ಡ ಮನುಷ್ಯರು ಶಾಲು ಹಿಡಿದು ಲೋಕೇಶನನ್ನು ಹುಡುಕಿಕೊಂಡು ಬಂದರು. ಸೃಷ್ಟಿ ದೇವರದ್ದೇ ಎಂದು ಅವನು ಸಾಬೀತು ಮಾಡಿದ್ದಾನಂತೆ, ಸನ್ಮಾನವಂತೆ. ಲೋಕೇಶ ಚಹಾ ಕೊಟ್ಟು, "ನಾ ಹಂಗೆ ಹೇಳ್ಲೇ ಇಲ್ಲ, ಕೆಸರಿನ ಬಗ್ಗೆ ಹೇಳಿದ್ದು" ಎಂದು ಕಳಿಸಿದ. ಒಂದು ಕಡೆ ಇಲಿ ಎನ್ನುವವರು, ಇನ್ನೊಂದು ಕಡೆ ಶಾಲು ಹೊದಿಸುವವರು. ಹುಡುಗ ನಡುವೆ ಸಿಕ್ಕಿ ಸೊರಗಿಹೋದ.

ಮತ್ತೆ ಮಳೆಗಾಲ ಬಂತು. ಹೊಸ ಬಾಟಲಿಗಳು, ಹೊಸ ಕೆಸರು. ಅರ್ಧ ಜಡ್ಡಿಗೆ, ಅರ್ಧ ಬೀರುವಿಗೆ. ಈ ಸಲ ಬೇಯಿಸುವಾಗ ಪಕ್ಕದಲ್ಲೇ ನಿಂತಿದ್ದೆ, ಮೇಣ ಹಚ್ಚುವಾಗಲೂ. ಜಡ್ಡಿಯ ಬಾಟಲಿಗಳನ್ನು ಲೋಕೇಶ ವಾರವಾರ ನೋಡಿ ಬರುತ್ತಿದ್ದ. ದಸರೆ ಕಳೆಯುವವರೆಗೂ ಎಲ್ಲವೂ ತಿಳಿಯಾಗಿದ್ದವು. ಆಗ ಕನ್ನಮ್ಮ ಹೇಳಿಕಳಿಸಿದರು: ಭೂಮಿ ಹುಣ್ಣಿಮೆಗೆ ಅಕ್ಕೋರು ಬರಲೇಬೇಕು. ಮೇಷ್ಟರಮ್ಮನನ್ನು ಅಕ್ಕೋರು ಎನ್ನುವುದು ನಮ್ಮ ಕಡೆಯ ರೂಢಿ. ಅದೇ ದಿನ ಲೋಕೇಶನಿಗೆ ಯಲ್ಲಾಪುರದಲ್ಲಿ ಪರೀಕ್ಷೆಯ ಡ್ಯೂಟಿ ಬಿತ್ತು. ನಾನೊಬ್ಬಳೇ ಹೋದೆ.

ಭೂಮಿ ಹುಣ್ಣಿಮೆ ಎಂದರೆ ಗದ್ದೆಗೆ ಬಯಕೆಯೂಟ. ಭತ್ತ ಹೊಡೆ ತುಂಬಿ ನಿಂತಿರುತ್ತದೆ, ಭೂಮಿ ಬಸುರಿ; ಬಸುರಿಗೆ ಬಾಯಿ ಚಪಲ ಇರುತ್ತದಲ್ಲ. ಮನೆಯ ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಅನ್ನ, ಹತ್ತಾರು ಬಗೆಯ ಸೊಪ್ಪು ಬೇಯಿಸಿದ ಅಂಬಲಿ ತುಂಬುತ್ತಾರೆ. ಬೆಳಕು ಹರಿಯುವ ಮುಂಚೆ ಗಂಡಸರು ಅದನ್ನು ಹೊತ್ತು ಗದ್ದೆಗೆ ಒಯ್ಯುತ್ತಾರೆ. ಮಂಜು ಎಷ್ಟಿತ್ತೆಂದರೆ ಮುಂದೆ ಹೋಗುವವನ ದೀಪ ಕಾಣುತ್ತಿತ್ತು, ಅವನು ಕಾಣುತ್ತಿರಲಿಲ್ಲ. ಸುತ್ತಲಿನ ಗದ್ದೆಗಳಲ್ಲೂ ಅಂಥ ದೀಪಗಳು ನಿಧಾನಕ್ಕೆ ಸಾಗುತ್ತಿದ್ದವು. ಎಲ್ಲೆಲ್ಲಿಂದಲೋ ಹೂ ಎಂದು ಎಳೆದು ಕೂಗುವ ದನಿ.

ಪೂಜೆಯಾಯಿತು. ಕನ್ನಮ್ಮನ ದೊಡ್ಡ ಮಗ ಅಂಬಲಿಯನ್ನು ಗದ್ದೆಯ ತುಂಬ ಎರಚಿದ. ಆಮೇಲೆ ಕನ್ನಮ್ಮ ಬದುವಿನ ಮೇಲೆ ತುತ್ತುಗಳನ್ನಿಟ್ಟರು: ಕಾಗೆಗೆ ಒಂದು, ಇಲಿಗೆ ಒಂದು.

"ಇಲಿಗೆ ಯಾಕ್ರಿ? ಬೆಳಿ ತಿಂದು ಹಾಳು ಮಾಡೂದು ಅದೇ ಅಲ್ಲೇನ್ರಿ?" ಎಂದೆ.

"ಅದೂ ಇಲ್ಲೇ ಹುಟ್ಟಿದ್ದು ಅಲ್ದಾ ಅಕ್ಕೋರೆ? ಕೊಟ್ರೂ ತಿಂತದೆ, ಕೊಡ್ದಿದ್ರೂ ತಿಂತದೆ. ಕೊಟ್ರೆ ನಮಗೆ ಸಮಾಧಾನ" ಎಂದು ನಕ್ಕರು.

ಗಂಡಸರು ಊಟಕ್ಕೆ ಎಲೆ ಹಾಸುತ್ತಿದ್ದಾಗ ಕನ್ನಮ್ಮ ಒಂದು ಬಾಳೆಲೆಯಲ್ಲಿ ಅಂಬಲಿ ಅನ್ನ ಕಟ್ಟಿಕೊಂಡು, ದೀಪ ಹಿಡಿದು, ಒಬ್ಬರೇ ಜಡ್ಡಿಯ ಕಡೆ ಹೊರಟರು. ನಾನು ಹಿಂದೆಯೇ ಹೋದೆ. ಒಳಗೆ ಹೊಕ್ಕ ಕೂಡಲೇ ಗದ್ದೆಯ ಗದ್ದಲವೆಲ್ಲ ಬಾಗಿಲು ಹಾಕಿದಂತೆ ನಿಂತುಹೋಯಿತು. ಕನ್ನಮ್ಮ ಬಾಟಲಿ ಹೂತಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೊದಲ ಬಾಟಲಿಯನ್ನು ಮಣ್ಣಿನಿಂದ ಎತ್ತಿ ಕಿವಿಗೆ ಹಿಡಿದರು. ಕಣ್ಣು ಮುಚ್ಚಿ ಕೇಳಿದರು. ಸೊಂಟದಿಂದ ಚಿಕ್ಕ ಕತ್ತಿ ತೆಗೆದು ಮೇಣವನ್ನು ಮೆಲ್ಲಗೆ ಬಿಡಿಸಿ, ಬಿರಡೆ ಎತ್ತಿ, ಒಂದು ಅಗುಳು ಅನ್ನವನ್ನು ಒಳಗೆ ಹಾಕಿದರು. ಮತ್ತೆ ಬಿರಡೆ ಒತ್ತಿ, ಮೇಣವನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಬೆರಳಿನಿಂದ ಸವರಿ ಮುಚ್ಚಿದರು. ಅವರದ್ದೇ ಮೇಣ, ಅವರದ್ದೇ ಕೈ. ಮೊದಲು ಹೇಗಿತ್ತೋ ಹಾಗೆಯೇ ಕಂಡಿತು. ಆಮೇಲೆ ಎರಡನೆಯ ಬಾಟಲಿ ಎತ್ತಿದರು.

ತಡೆಯಬೇಕೆಂದು ಎರಡು ಹೆಜ್ಜೆ ಮುಂದಿಟ್ಟೆ, ಕಾಲು ಕೆಸರಿಗೆ ಹೂತಿತು.

"ಎಂತ ನೋಡ್ತ್ರಿ ಅಕ್ಕೋರೆ? ಹೋದ್ ವರ್ಷಾನೂ ಹಾಕಿದ್ದೆ" ಎಂದರು ನನ್ನತ್ತ ನೋಡದೆ. "ಲೋಕೇಶನೇ ಹೇಳಿದ್ದು, ಅವ್ವಾ, ಇದ್ರಲ್ಲಿ ಜೀವ ಹುಟ್ತದೆ ಅಂತ. ಹಂಗಾರೆ ಇವೂ ಬಸ್ರಿನೇ ಅಲ್ದಾ? ಗದ್ದೆಗೆಲ್ಲ ಉಣ್ಸಿ ಇವನ್ನ ಉಪಾಸ ಬಿಟ್ರೆ ಪಾಪ ಅಲ್ದಾ?"

ಎಲ್ಲ ಬಾಟಲಿಗಳೂ ಮುಗಿದ ಮೇಲೆ ಎಲೆಯಲ್ಲಿ ಒಂದು ತುತ್ತು ಉಳಿಯಿತು. ಕನ್ನಮ್ಮ ಎದ್ದು, ಮರಗಳ ಸಂದಿಯಲ್ಲಿ ದಿಕ್ಕು ನೋಡಿ ತಿರುಗಿ, ಆ ತುತ್ತನ್ನು ಒಂದು ಬೇರಿನ ಮೊಣಕಾಲಿನ ಮೇಲಿಟ್ಟರು.

"ಇದು ಯಾರಿಗ್ರಿ?" ಎಂದೆ.

"ಶಿರಸೀಲಿರೋದಕ್ಕೆ. ಹೋದ್ ವರ್ಷ ಗೊತ್ತಿರ್ಲಿಲ್ಲ. ಅಲ್ಲಿ ಬೀರುವಿನಾಗೆ ಇಟ್ಟೀರಂತಲ್ಲ, ಪಾಪ, ಕತ್ಲೆಯಾಗೆ."

ಆ ಬೆಳಿಗ್ಗೆಯೇ ಸಿಕ್ಕ ಬಸ್ಸು ಹತ್ತಿ ಶಿರಸಿಗೆ, ಅಲ್ಲಿಂದ ಮನೆಗೂ ಹೋಗದೆ ಯಲ್ಲಾಪುರಕ್ಕೆ ಹೋದೆ. ಪರೀಕ್ಷೆ ಮುಗಿಸಿ ಲೋಕೇಶ ವರಾಂಡಕ್ಕೆ ಬಂದ. ನಿಂತಲ್ಲೇ ಎಲ್ಲ ಹೇಳಿದೆ, ಆ ಕೊನೆಯ ತುತ್ತೊಂದನ್ನು ಬಿಟ್ಟು. ಅವನು ಮೊದಲು ನಕ್ಕ. ನಗುತ್ತ ನಗುತ್ತ ಅವನ ಕಣ್ಣು ತುಂಬಿತು. ಅವನ ವಾದ ಬಿದ್ದುಹೋಯಿತೆಂದು ನಾನು ಖುಷಿಪಡಬೇಕಿತ್ತು, ಒಂದು ಚೂರೂ ಖುಷಿಯಾಗಲಿಲ್ಲ.

"ಅವ್ವಂಗೆ ಎಂತ ಹೇಳಿದ್ರಿ?"

"ಏನೂ ಹೇಳಿಲ್ಲ."

"ಹೇಳ್ಬ್ಯಾಡಿ ಮೇಡಂ. ತನ್ನಿಂದ ಮಗನ ಓದು ಹಾಳಾತು ಅಂತ ಗೊತ್ತಾದ್ರೆ ಅನ್ನ ಬಿಡ್ತಾಳೆ. ಸಮಿತಿಗೆ ನಾನೇ ಹೇಳ್ತೀನಿ, ಹಬ್ಬದ ಅನ್ನ ಒಳಗೆ ಬಿದ್ದಿತ್ತು ಅಂತ. ಯಾರು ಹಾಕಿದ್ದು ಅಂತ ಹೇಳೂದಿಲ್ಲ."

ಮರುದಿನ ಬೆಳಿಗ್ಗೆ ಇಬ್ಬರೂ ಶಿರಸಿಯ ಪ್ರಯೋಗಾಲಯದ ಬೀಗ ತೆಗೆದೆವು. ಬೀರುವಿನ ಬಾಟಲಿಗಳನ್ನು ಹೋಲಿಕೆಗೆಂದು ಎಣಿಸಿಟ್ಟುಕೊಂಡು ಕತೆ ಮುಗಿಸೋಣ ಎಂದು. ಬೀರು ತೆರೆದಾಗ ಮೂಗಿಗೆ ಬಡಿದದ್ದು ಈ ಹೊತ್ತು ನನ್ನ ನಡುಮನೆಯಲ್ಲಿರುವ ವಾಸನೆಯೇ. ಸಾಲಿನಲ್ಲಿ ಎಲ್ಲ ಬಾಟಲಿಗಳೂ ತಿಳಿಯಾಗಿದ್ದವು. ಹಿಂದಿನ ಮೂಲೆಯದೊಂದು ಕಲಕಿತ್ತು. ಅದರ ಕೆಸರಿನ ಮೇಲೆ ತೆಳ್ಳಗೆ ಒಂದು ಪೊರೆ, ಹಸಿರು. ಬೀಗದ ಕೈ ನನ್ನ ಚೀಲ ಬಿಟ್ಟು ಹೋಗಿರಲಿಲ್ಲ. ಕನ್ನಮ್ಮ ಶಿರಸಿಗೆ ಬಂದವರಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತೆ.

"ಮೇಣ ಬಿರಿದಿರ್ಬೇಕು ಮೇಡಂ" ಎಂದ ಲೋಕೇಶ. ಒಂದು ವರ್ಷ ಪೂರ್ತಿ ನಾನು ಅವನಿಗೆ ಹೇಳುತ್ತಿದ್ದ ಮಾತು. ಭೂತಗನ್ನಡಿ ಹಿಡಿದು ಹುಡುಕಿದ. ಬಿರುಕು ಸಿಗಲಿಲ್ಲ. ಬಿರಡೆಗೆ ಸೂಜಿ ಚುಚ್ಚಿ ಚೂರು ತೆಗೆದು, ಮೇಣ ಒತ್ತಿ ಮುಚ್ಚಿ, ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆವು. ಮಾದರಿ ಸಾಲದು ಎಂದು ವಾಪಸು ಬಂತು. ಕೊನೆಗೆ ಅವನು ಪ್ರಬಂಧದಲ್ಲಿ ಜಡ್ಡಿಯ ಬಾಟಲಿಗಳೆಲ್ಲ ಕೆಟ್ಟವೆಂದು ಒಪ್ಪಿ ಬರೆದು, ಕೆಳಗೆ ಒಂದೇ ಒಂದು ಸಾಲು ಸೇರಿಸಿದ: ಬೀಗದೊಳಗಿನ ಒಂದು ಬಾಟಲಿಯಲ್ಲಿ ಬೆಳವಣಿಗೆ ಕಂಡಿತು, ಕಾರಣ ತಿಳಿದಿಲ್ಲ.

ಚಳಿಗಾಲದಲ್ಲಿ ಅಂತಿಮ ಮೌಖಿಕ ಪರೀಕ್ಷೆ. ಸಮಿತಿ ಶಿರಸಿಗೇ ಬಂತು, ಅಧ್ಯಕ್ಷರಿಗೆ ಜಲಪಾತ ನೋಡುವ ಆಸೆಯಿತ್ತು. ಜೊತೆಗೆ ದೂರದ ಊರಿನಿಂದ ಬಂದ ಒಬ್ಬ ಹಿರಿಯ ಪರೀಕ್ಷಕಿ, ಮಾತು ಕಡಿಮೆ. ಲೋಕೇಶ ತನ್ನ ಸೋಲನ್ನು ತಾನೇ ಮುಚ್ಚುಮರೆಯಿಲ್ಲದೆ ಹೇಳಿದ. ಅಧ್ಯಕ್ಷರ ಮುಖ ಅರಳಿತು.

"ಭೇಷ್! ತಪ್ಪು ಒಪ್ಪಿಕೊಳ್ಳೋದೇ ವಿಜ್ಞಾನ. ಇನ್ನು ಆ ಕೊನೆ ಸಾಲು ತೆಗೆದುಬಿಡಿ, ಇಲ್ಲೇ ಸಹಿ ಮಾಡ್ತೀನಿ. ಒಂದು ಬಾಟಲಿ ಇಟ್ಟುಕೊಂಡು ಜನ ಏನೇನೋ ಕತೆ ಕಟ್ಟುತ್ತಾರೆ."

ಸಹಿ ಎಂದರೆ ಪದವಿ, ಪದವಿ ಎಂದರೆ ಜೂನಿನ ಕ್ಲಾಸು. ಲೋಕೇಶ ನನ್ನ ಮುಖ ನೋಡಿದ. ತೆಗಿ ಎಂದಿದ್ದರೆ ತೆಗೆಯುತ್ತಿದ್ದನೇನೋ. ನಾನು ಎದ್ದು ನಿಂತೆ.

"ಸರ್, ಇವನ ವಾದ ನಾನು ಮೊದಲೂ ಒಪ್ಪಿಲ್ಲ, ಈಗಲೂ ಒಪ್ಪೂದಿಲ್ಲ. ಆದರೆ ಆ ಸಾಲು ಹೋದ್ರ ಮಾರ್ಗದರ್ಶಕಿ ಅಂತ ನನ್ನ ಸಹಿಯೂ ಹೋಗ್ತದ. ನೀವು ಅನುಮಾನಕ್ಕ ಇಲಿ ಅಂದ್ರಿ. ಇವನ ಊರಾಗ ಇಲಿಗೂ ಒಂದು ತುತ್ತು ಇಟ್ಟು ಆಮೇಲೆ ತಾವು ಉಣ್ತಾರ. ಅವರ ಕಣಜ ಇನ್ನೂ ಖಾಲಿ ಆಗಿಲ್ಲ."

ಲೋಕೇಶ ಮೆಲ್ಲಗೆ ಬಾಯಿಬಿಟ್ಟ.

"ಸರ್, ನಮ್ಮ ಜಡ್ಡಿಯಲ್ಲಿ ಒಂದು ಪದ್ಧತಿ ಇದೆ. ಒಂದೇ ಸಲ ಯಾರಾದ್ರೂ ಕರೆದ್ರೆ ನಾವು ಓ ಅನ್ನೂದಿಲ್ಲ. ಆದ್ರೆ ಕೇಳ್ಲೇ ಇಲ್ಲ ಅಂತ್ಲೂ ಹೇಳೂದಿಲ್ಲ. ಎರಡನೇ ಸಲ ಕರೀತದಾ ಅಂತ ಕಾಯ್ತೇವೆ. ಆ ಸಾಲು ಅಷ್ಟೇ."

ಪರೀಕ್ಷಕಿ ಆ ಬಾಟಲಿ ಎಲ್ಲಿ ಎಂದರು. ಬೀರುವಿನಿಂದ ತಂದಿಟ್ಟೆ. ಲೋಕೇಶ ಬಿರಡೆಗೆ ಸೂಜಿ ಚುಚ್ಚಿ ಒಂದು ಹನಿ ಎಳೆದು ಗಾಜಿನ ಪಟ್ಟಿಯ ಮೇಲೆ ಬಿಟ್ಟ. ಸೂಜಿ ಹೊಕ್ಕಲ್ಲಿ ಮತ್ತೆ ಮೇಣ ಒತ್ತಿದ. ಅಧ್ಯಕ್ಷರನ್ನು ಮೊದಲು ಕರೆದೆ. ಅವರು ಸೂಕ್ಷ್ಮದರ್ಶಕದ ಹತ್ತಿರ ಬಂದು, ಬಗ್ಗಿ, ಇನ್ನೇನು ಕಣ್ಣಿಡಬೇಕು, ಸುಮ್ಮನೆ ನೆಟ್ಟಗಾದರು. ಕನ್ನಡಕ ಒರೆಸಿಕೊಂಡು "ಹೊತ್ತಾಯ್ತು" ಎಂದು ಕಿಟಕಿಯ ಕಡೆ ಹೋದರು.

ಪರೀಕ್ಷಕಿ ನೋಡಿದರು. ತುಂಬ ಹೊತ್ತು ನೋಡಿದರು. ತಲೆ ಎತ್ತದೆಯೇ ಕೇಳಿದರು, "ಇದನ್ನು ಬೆಳಕಿಗೆ ಇಟ್ಟಿದ್ದಿರಾ?"

"ಇಲ್ಲ, ಬೀರುವಿನಲ್ಲೇ. ಕತ್ತಲಲ್ಲಿ" ಎಂದೆ.

"ಮತ್ತೆ ಹಸಿರು ಯಾಕೆ?"

ಕತ್ತಲಲ್ಲೂ ಕೆಲವು ಪಾಚಿಗಳು ಹಸಿರಾಗಿರುತ್ತವೆ ಎಂದು ಉತ್ತರ ಕೊಡಬಹುದಿತ್ತು, ನನಗೆ ಗೊತ್ತಿದ್ದ ಉತ್ತರವೇ. ಆದರೆ ಅವರು ತಲೆ ಎತ್ತಿದಾಗ ಆ ಮುಖ ಬಿಳಿಚಿಕೊಂಡಿತ್ತು. ಅವರು ಕಂಡದ್ದೇನೆಂದು ಹೇಳಲಿಲ್ಲ. ಗಾಜಿನ ಪಟ್ಟಿಯನ್ನು ತಾವೇ ತೊಳೆದಿಟ್ಟು, "ಸಾಲು ಇರಲಿ" ಎಂದು ಸಹಿ ಹಾಕಿದರು. ಅಧ್ಯಕ್ಷರೂ ಕೊನೆಗೆ ಹಾಕಿದರು, ನಮ್ಮಿಬ್ಬರ ಮುಖ ನೋಡದೆ. ಶಿರಸಿಯ ಕಡೆ ತಿರುಗಿ ಇಟ್ಟ ಆ ತುತ್ತಿನ ಸಂಗತಿಯನ್ನು ಮಾತ್ರ ನಾನು ಅಲ್ಲಿ ಎತ್ತಲಿಲ್ಲ. ಎತ್ತಿದ್ದರೆ ನನ್ನ ನಿವೃತ್ತಿ ಅವತ್ತೇ ಆಗುತ್ತಿತ್ತು.

ಲೋಕೇಶ ಈಗ ಯಲ್ಲಾಪುರದಲ್ಲಿ ಕಾಯಂ ಆಗಿದ್ದಾನೆ. ಜೀವದ ಉಗಮವನ್ನು ಪಠ್ಯದಲ್ಲಿ ಇದ್ದಂತೆಯೇ ಕಲಿಸುತ್ತಾನೆ. ಒಪ್ಪದ ಹುಡುಗ ಯಾರಾದರೂ ಎದ್ದು ನಿಂತರೆ ಕೂರಿಸುವುದಿಲ್ಲವಂತೆ, ಪೂರ್ತಿ ಕೇಳುತ್ತಾನಂತೆ. ಆ ಬಾಟಲಿಯನ್ನು ಮಾತ್ರ ಒಯ್ಯಲಿಲ್ಲ. ನಾನು ನಿವೃತ್ತಳಾದಾಗ ಕಾಲೇಜಿನವರು ಹಳೆಯ ಸಾಮಾನೆಲ್ಲ ಚೆಲ್ಲಲು ಹೊರಟಿದ್ದರು, ಅದನ್ನು ಮನೆಗೆ ತಂದೆ.

ನಿನ್ನೆ ಭೂಮಿ ಹುಣ್ಣಿಮೆ. ಲೋಕೇಶ ಊರಿಗೆ ಹೋದವನು ಬೆಳಿಗ್ಗೆ ಅಲ್ಲಿಂದಲೇ ಫೋನ್ ಮಾಡಿ, ಅವ್ವ ಮಾತಾಡಬೇಕಂತೆ ಎಂದು ಕೊಟ್ಟ. ಕನ್ನಮ್ಮನ ದನಿ ಈಗ ತೆಳ್ಳಗಾಗಿದೆ.

"ಅಕ್ಕೋರೆ, ಈ ವರ್ಷಾನೂ ಇಟ್ಟೀನಿ, ಶಿರಸೀಲಿರೋದಕ್ಕೆ. ಈಗ ಎಷ್ಟು ದೊಡ್ಡದಾತು ಅದು?"

ಏನೂ ಇಲ್ಲ ಕನ್ನಮ್ಮ, ಮೇಣ ಬಿರಿದಿತ್ತು ಅಷ್ಟೇ, ಎನ್ನಬೇಕೆಂದು ಬಾಯಿ ತೆರೆದೆ. ಕಲಿಸಿ ಕಲಿಸಿ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಫೋನ್ ಹಿಡಿದೇ ಬೀರು ತೆರೆದಿದ್ದೆ, ಬಾಟಲಿ ಕಣ್ಣೆದುರಿಗೇ ಇತ್ತು. ಕಂಡದ್ದನ್ನು ಬರೆ ಎಂದು ಹುಡುಗನಿಗೆ ಹೇಳಿದವಳು ನಾನು.

"ಕುತ್ತಿಗಿ ಮಟ ಬಂದೈತ್ರಿ" ಎಂದೆ. "ಇನ್ನ ಬಿರಡಿ ಮುಟ್ಟೂದು ಬಾಕಿ."

ಮಗು ಬೆಳೆದು ಅಂಗಿ ಗಿಡ್ಡವಾಯಿತೆಂದು ಹೇಳುವಷ್ಟೇ ಸಹಜವಾಗಿ ಕನ್ನಮ್ಮ ಹೇಳಿದರು:

"ಹಂಗಾರೆ ದೊಡ್ಡ ಬಾಟ್ಲಿಗೆ ಹಾಕಿ ಅಕ್ಕೋರೆ."

ಸಂಜೆ ಪೇಟೆಗೆ ಹೋಗಿ ಅಗಲ ಬಾಯಿಯ ಒಂದು ಭರಣಿ ತಂದೆ. ಮೂರು ಸಲ ಕುದಿಸಿದೆ, ಅಭ್ಯಾಸಬಲ. ಅದು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿದೆ, ಪಕ್ಕದಲ್ಲಿ ಮೇಣ ಬಿಡಿಸಲು ಚಿಕ್ಕ ಕತ್ತಿ. ಫೋನ್ ಇಟ್ಟ ಮೇಲೆ ಮುಚ್ಚಿದ ಬೀರುವಿನ ಬಾಗಿಲನ್ನು ನಾನು ಇನ್ನೂ ತೆರೆದಿಲ್ಲ.